ಬಾವಿಗೆ ಮೂಲಂಗಿ ಹೆಪ್ಪು

ಬಾವಿಯ ಮೇಲಿನ ಕಬ್ಬಿಣದ ಜಾಲರಿ ಎತ್ತಿ ಬಗ್ಗಿದ್ದೇ ತಡ, ಬೆಳಗ್ಗೆ ತಿಂದ ಉಪ್ಪಿಟ್ಟು ತೇಜಸ್ವಿನಿಯ ಗಂಟಲಿಗೆ ಬಂತು. ಬಸ್ ಸ್ಟ್ಯಾಂಡಿನ ಶೌಚಾಲಯವನ್ನು ಯಾರೋ ಈಗಷ್ಟೇ ತೊಳೆದು, ಆ ತೊಳೆದ ನೀರನ್ನೆಲ್ಲ ಹೊತ್ತು ತಂದು ಇಲ್ಲಿ ತುಂಬಿದಂತಿತ್ತು ವಾಸನೆ. ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಪದರ. ಅದರ ಮಧ್ಯೆ ಕಾಲು ಮೇಲೆ ಮಾಡಿಕೊಂಡು ತೇಲುತ್ತಿದ್ದ ಒಂದು ಜಿರಲೆ. ಎಂಥ ಚರಂಡಿಯಲ್ಲೂ ಸಂಸಾರ ಹೂಡುವ ಜಿರಲೆಗೇ ಇಲ್ಲಿ ಬದುಕಲಾಗಲಿಲ್ಲವಲ್ಲ!

"ಬಗ್ಗಬೇಡ ಕಣೇ, ತಲೆ ಸುತ್ತುತ್ತೆ," ಎಂದಳು ಹಿಂದೆ ನಿಂತಿದ್ದ ಅಜ್ಜಿ ಲಕ್ಷ್ಮಿದೇವಮ್ಮ. ಸೆರಗಿನಿಂದ ಮೂಗು ಬಾಯಿ ಎರಡೂ ಮುಚ್ಚಿಕೊಂಡಿದ್ದಳು. "ಹನ್ನೆರಡು ದಿನಕ್ಕೆ ಚಪ್ಪರ. ಈ ನೀರ್ನ ಹೆಂಗೆ ಮನೆಯೊಳಗೆ ತರ್ಲಿ?"

ಜರಗನಹಳ್ಳಿಯ ಆ ಮನೆಯ ಬಾವಿ ಅಜ್ಜಿಯ ಮಾವ ತೋಡಿಸಿದ್ದು, ಜೆ.ಪಿ. ನಗರ ಇನ್ನೂ ರಾಗಿಹೊಲವಾಗಿದ್ದ ಕಾಲದಲ್ಲಿ. ಮನೆಯಲ್ಲಿ ಯಾರ ಮದುವೆಯಾದರೂ ಚಪ್ಪರದ ದಿನ ಬೆಳಗ್ಗೆ ಮುತ್ತೈದೆಯರು ಬಾವಿಗೆ ಹೋಗಿ, ಗಂಗೆ ಪೂಜೆ ಮಾಡಿ, ಒಂದು ಕಳಸ ನೀರು ಸೇದಿ ತರಬೇಕು. ಆ ನೀರು ಬಿದ್ದಮೇಲೇ ಹುಡುಗಿಗೆ ಅರಿಶಿನ ಹಚ್ಚುವುದು. ಕಾವೇರಿ ನೀರಿನ ನಲ್ಲಿ ಬಂದು ಬಾವಿಗೆ ಜಾಲರಿ ಬಿದ್ದಮೇಲೂ ಈ ಒಂದು ಶಾಸ್ತ್ರ ತಪ್ಪಿರಲಿಲ್ಲ. ಈಗ ದೊಡ್ಡಪ್ಪ ಶಶಿಧರನ ಮಗಳು ಶಿಲ್ಪಶ್ರೀಯ ಸರದಿ.

ಬಾವಿ ಕೆಡಿಸಿದವನೂ ದೊಡ್ಡಪ್ಪನೇ. ಹಿತ್ತಲಲ್ಲಿ ಹಳೇ ಕೊಟ್ಟಿಗೆ ಕೆಡವಿ, ಶೀಟು ಹೊದಿಸಿ, ಎರಡು ವರ್ಷದ ಹಿಂದೆ ಚಲುವರಾಜು ಎಂಬುವನಿಗೆ ಬಾಡಿಗೆಗೆ ಕೊಟ್ಟಿದ್ದ. ಚಲುವರಾಜು ಅಲ್ಲಿ ಕಪ್ಪು ಫಿನಾಯಿಲ್ ಮಾಡಿ, ಕ್ಯಾನಿಗೆ ತುಂಬಿ, ಪೀಜಿಗಳಿಗೂ ಛತ್ರಗಳಿಗೂ ಮಾರುತ್ತಿದ್ದ. ಡ್ರಮ್ಮು ತೊಳೆದ ನೀರು ಶೆಡ್ಡಿನ ಹಿಂದಿನ ಗುಂಡಿಗೆ. ಗುಂಡಿಗೂ ಬಾವಿಗೂ ಹತ್ತು ಹೆಜ್ಜೆ. ಮಿಕ್ಕಿದ್ದನ್ನು ಮಣ್ಣೇ ಮಾಡಿತು.

ಮನೆಯಲ್ಲಿ ಆ ವಾಸನೆಯಿಂದ ತೊಂದರೆಯಾಗದೆ ಇದ್ದವನು ತಾತ ತಿಮ್ಮರಾಯಪ್ಪ ಒಬ್ಬನೇ. ಕೋವಿಡ್ ಬಂದು ಹೋದಮೇಲೆ ಆತನಿಗೆ ಮೂಗು ಕೆಲಸ ಮಾಡುತ್ತಿರಲಿಲ್ಲ. ಜಗಲಿಯ ಮೇಲೆ ಪೇಪರ್ ಹಿಡಿದು ಕೂತು, ಹೋಗಿಬರುವವರೆಲ್ಲ ಯಾಕೆ ಮುಖ ಕಿವುಚುತ್ತಾರೆ ಎಂದು ಕೇಳುತ್ತಿದ್ದ.

"ನಾನು ಕ್ಲೀನ್ ಮಾಡ್ತೀನಿ ಅಜ್ಜಿ!" ಎಂದಳು ತೇಜಸ್ವಿನಿ. ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಎರಡನೇ ವರ್ಷ. ಬಾಯಿಗೆ ಬಂದದ್ದು ತಲೆಗೆ ಹೋಗುವ ಮೊದಲೇ ಹೊರಬಿದ್ದಿರುತ್ತಿತ್ತು. "ನಮ್ಮ ಲ್ಯಾಬಲ್ಲಿ ಇದನ್ನೇ ಮಾಡ್ತಿರೋದು. ಫಿನಾಯಿಲ್ ಅಂದ್ರೆ ಏನು, ಫಿನಾಲ್ ಜಾತಿಯವೇ ತಾನೆ? ಮೂಲಂಗಿ ಮತ್ತೆ ಹೈಡ್ರೋಜನ್ ಪೆರಾಕ್ಸೈಡ್ ಇದ್ರೆ ಸಾಕು. ಒಂದು ವಾರ. ಸಖತ್ತಾಗಿ ಮಾಡ್ಕೊಡ್ತೀನಿ ನೋಡು."

"ಮೂಲಂಗಿನಾ?" ಅಜ್ಜಿ ಸೆರಗು ಕೆಳಗಿಳಿಸಿದಳು. "ಸಾಂಬಾರ್ ಮಾಡ್ತೀಯಾ ಬಾವೀಲಿ?"

*

ಬನಶಂಕರಿ ಮಾರ್ಕೆಟ್ಟಿನಿಂದ ಎಂಟು ಕೆ.ಜಿ. ಮೂಲಂಗಿ ಬಂತು. ಸಿಪ್ಪೆ ಸಮೇತ ಅಜ್ಜಿಯ ಮಿಕ್ಸಿಗೆ ಹಾಕಿ ತಿರುಗಿಸಿ, ಹಳೇ ಪಂಚೆಯಲ್ಲಿ ಹಿಂಡಿದಳು. ಅರ್ಧ ಗಂಟೆಯಲ್ಲಿ ಅಡುಗೆಮನೆಗೆ ಯಾರೂ ಕಾಲಿಡುವ ಹಾಗಿರಲಿಲ್ಲ. ಹಿತ್ತಲಲ್ಲಿ ಫಿನಾಯಿಲ್, ಒಳಗೆ ಕೊಳೆತ ಮೊಟ್ಟೆಯಂಥ ಮೂಲಂಗಿ ನಾತ. ಮದುಮಗಳು ಶಿಲ್ಪಶ್ರೀ ಫೇಸ್‌ಪ್ಯಾಕ್ ಹಚ್ಚಿಕೊಂಡ ಮುಖದಲ್ಲೇ ಕೂಗಿದಳು: "ಲೇ ತೇಜು, ನನ್ನ ಮದ್ವೆ ನಿಲ್ಸೋಕೆ ಯಾರಾದ್ರೂ ದುಡ್ಡು ಕೊಟ್ಟಿದಾರೇನೇ ನಿಂಗೆ?"

ಬಾವಿಯಿಂದ ಒಂದು ಬಕೆಟ್ ಸೇದಿದಳು. ಮೂಲಂಗಿ ರಸ ಹಾಕಿದಳು. ಪೆರಾಕ್ಸೈಡಿನ ಬಾಟಲಿ ಎತ್ತಿ ಗಳಗಳ ಪೂರ್ತಿ ಸುರಿದುಬಿಟ್ಟಳು. ನೀರು ಸ್ವಲ್ಪ ಹಳದಿಗೆ ತಿರುಗಿ, ಒಂದಿಷ್ಟು ನೊರೆ ಎಬ್ಬಿಸಿ, ಸುಮ್ಮನಾಯಿತು. ಸಂಜೆ ಮೂಸಿದರೆ ಅದೇ ಶೌಚಾಲಯ. ಈಗ ಜೊತೆಗೆ ಮೂಲಂಗಿ.

"ಆಯ್ತಾ ಸಾಂಬಾರು?" ಎಂದಳು ಅಜ್ಜಿ.

ತೇಜಸ್ವಿನಿ ತಲೆ ಚಚ್ಚಿಕೊಂಡಳು. ಪೆರಾಕ್ಸೈಡ್ ಇಲ್ಲದೆ ಆ ಎನ್ಜೈಮ್ ಕೆಲಸ ಮಾಡುವುದಿಲ್ಲ. ಒಂದೇ ಸಲ ಜಾಸ್ತಿ ಸುರಿದರೆ ಸತ್ತೇ ಹೋಗುತ್ತದೆ. ಲ್ಯಾಬಿನಲ್ಲಿ ಹನಿಹನಿಯಾಗಿ ಹಾಕುವುದು ಅದಕ್ಕೇ. ಮಾರನೆ ದಿನ ಮೆಡಿಕಲ್ ಶಾಪಿನಿಂದ ಆಸ್ಪತ್ರೆಯ ಡ್ರಿಪ್ ಪೈಪು ತಂದಳು. ಬಟ್ಟೆ ಒಣಗಿಸುವ ತಂತಿಗೆ ಪೆರಾಕ್ಸೈಡ್ ಬಾಟಲಿ ನೇತುಹಾಕಿ, ಬಕೆಟ್ಟಿಗೆ ಒಂದೊಂದೇ ಹನಿ ಬಿಟ್ಟಳು. ಬಕೆಟ್ಟು ಐಸಿಯುನಲ್ಲಿ ಮಲಗಿದ ರೋಗಿಯಂತಿತ್ತು. ಅಜ್ಜಿ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು.

ಹತ್ತು ನಿಮಿಷಕ್ಕೆ ನೀರು ಟೀ ಬಣ್ಣಕ್ಕೆ ಬಂತು, ಅರ್ಧ ಗಂಟೆಗೆ ಕಾಫಿ ಡಿಕಾಕ್ಷನ್. ಆಮೇಲೆ ಅದರೊಳಗೆ ಏನೋ ಹೆಪ್ಪುಗಟ್ಟತೊಡಗಿತು. ಕಂದು ಚೂರುಗಳು, ಚಿಂದಿಗಳು, ಕೆಮ್ಮಿ ಉಗಿದ ಕಫದಂಥ ಎಳೆಗಳು ಒಂದಕ್ಕೊಂದು ಅಂಟಿಕೊಂಡು ದಪ್ಪವಾಗಿ ತಳಕ್ಕೆ ಇಳಿದವು. ಅಜ್ಜಿ "ಥೂ ಥೂ" ಎನ್ನುತ್ತಲೇ ಕಣ್ಣು ಕೀಳದೆ ನೋಡುತ್ತಿದ್ದಳು.

"ಹಾಲು ಒಡೆದಂಗೆ ಒಡೀತಲ್ಲೇ ನೀರು!"

"ಹೂಂ ಅಜ್ಜಿ. ನೀನು ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದ್ರೆ ಇಡೀ ಪಾತ್ರೆ ಮೊಸರಾಗುತ್ತಲ್ಲ, ಹೆಚ್ಚೂಕಮ್ಮಿ ಹಂಗೇ ಇದು. ಮೂಲಂಗೀಲಿ ಪೆರಾಕ್ಸಿಡೇಸ್ ಅಂತ ಒಂದು ಎನ್ಜೈಮ್ ಇದೆ. ಅದು ನೀರಲ್ಲಿ ಕರಗಿರೋ ಫಿನಾಲ್‌ನೆಲ್ಲಾ ಹಿಡಿದು ಒಂದಕ್ಕೊಂದು ಅಂಟಿಸಿಬಿಡುತ್ತೆ. ಅಂಟಿ ಅಂಟಿ ಭಾರ ಆಗಿ ಕೆಳಗೆ ಕೂರುತ್ತೆ. ಮೇಲಿಂದು ತಿಳಿನೀರು."

"ನಾನೇನಾದ್ರೂ ಮಾಡ್ಲಾ?"

"ನೀನೇನೂ ಮಾಡ್ಬೇಡ. ಸುಮ್ನೆ ಕೂತ್ಕೊಂಡು ನೋಡು."

ತಿಳಿನೀರನ್ನು ಬಾಟಲಿಗೆ ತುಂಬಿ ಕಾಲೇಜಿಗೆ ಒಯ್ದು, ಫಿನಾಲ್ ಇದ್ದರೆ ಕೆಂಪಾಗುವ ರಾಸಾಯನಿಕ ಹಾಕಿ ನೋಡಿದಳು. ಬಾವಿಯ ನೀರು ಓಕುಳಿಯಷ್ಟು ಕೆಂಪಾಯಿತು. ಬಕೆಟ್ಟಿನ ನೀರು ನಸುಗುಲಾಬಿಯಲ್ಲೇ ನಿಂತಿತು. ಅವಳು ಲ್ಯಾಬಿನಲ್ಲೇ ಒಂದು ಸುತ್ತು ಕುಣಿದಳು.

*

ಮದುವೆ ಮುಗಿಯುವವರೆಗೆ ಶೆಡ್ ಮುಚ್ಚುವಂತೆ ದೊಡ್ಡಪ್ಪ ಚಲುವರಾಜುವಿಗೆ ಹೇಳಿದ. ಚಲುವರಾಜು ಬೀಗ ಹಾಕಿ, ಕೀಯನ್ನು ದೊಡ್ಡಪ್ಪನಿಗೆ ಕೊಟ್ಟು, ಬಾವಿಕಟ್ಟೆಯ ಹತ್ತಿರ ಬಂದು ನಿಂತ. ಅವನ ಅಂಗೈ ಚರ್ಮ ಸುಲಿದು, ಬೆರಳ ಸಂದುಗಳು ಬಿಳಿಚಿಕೊಂಡು ಬಿರಿದಿದ್ದವು. ತೇಜಸ್ವಿನಿ ಆ ಕೈಗಳನ್ನು ನೋಡಿ ಮುಖ ತಿರುಗಿಸಿದಳು. ತಿರುಗಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಗ್ಲೌಸ್ ಹಾಕ್ಕೊಳಲ್ವಾ ಅಣ್ಣ?"

"ಹಾಕಿದ್ರೆ ಕ್ಯಾನ್ ಜಾರುತ್ತೆ ಮೇಡಂ."

"ನಿಮ್ಮನೇಲೂ ಇದ್ರಲ್ಲೇ ನೆಲ ಒರ್ಸೋದಾ?"

"ಅಯ್ಯೋ, ನಮ್ಮನೇಲಿ ಬರೀ ಉಪ್ಪುನೀರು ಮೇಡಂ," ಚಲುವರಾಜು ನಕ್ಕ. "ಈ ದರಿದ್ರನ ಯಾರು ಮೂಸ್ತಾರೆ?"

ಬಾವಿಯಲ್ಲಿದ್ದದ್ದು ಐದಾರು ಸಾವಿರ ಲೀಟರ್ ನೀರು. ಸಾವಿರ ಲೀಟರಿನ ಎರಡು ಪ್ಲಾಸ್ಟಿಕ್ ಟ್ಯಾಂಕು ಇಟ್ಟು, ಮೋಟಾರಿನಿಂದ ಮೇಲೆತ್ತಿ, ಮೂಲಂಗಿ ರಸ ಹಾಕಿ, ಪೆರಾಕ್ಸೈಡ್ ಹನಿಸಿ, ಅರ್ಧ ದಿನ ಬಿಟ್ಟು, ತಿಳಿಯನ್ನು ಮಾತ್ರ ಪೈಪಿನಲ್ಲಿ ಬಾವಿಗೆ ವಾಪಸು ಬಿಡುವುದು. ನಾಲ್ಕು ದಿನ ಇದೇ ಆಯಿತು. ಮಾರ್ಕೆಟ್ಟಿನ ಮೂಲಂಗಿಯವನು ಇವಳನ್ನು ಕಂಡರೆ ದೂರದಿಂದಲೇ ಮೂಟೆ ಎತ್ತಿ ತೋರಿಸುತ್ತಿದ್ದ. ತಳದ ಕಂದು ಗಸಿಯನ್ನು ಮೊರದಲ್ಲಿ ಬಾಚಿ ಪೇಂಟಿನ ಬಕೆಟ್‌ಗಳಿಗೆ ತುಂಬುವ ಕೆಲಸ ಅವಳದೇ. ಅದು ಕೈಗವಸಿನ ಮೇಲೆ ಲೊಳ್ಳೆಯಾಗಿ ಹರಿಯುತ್ತಿತ್ತು. ಬೇಡವೆಂದರೂ ಎರಡು ಸಲ ವಾಂತಿಯಾಯಿತು. ಒಂಬತ್ತು ಬಕೆಟ್ ಆದವು. ಪ್ರತಿಯೊಂದಕ್ಕೂ ಮುಚ್ಚಳ ಬಡಿದು, 'ಮುಟ್ಟಬೇಡಿ' ಎಂದು ಬರೆದಳು. ಇಂಥ ಕಸ ತೆಗೆದುಕೊಂಡು ಹೋಗುವವರ ನಂಬರನ್ನು ಪ್ರೊಫೆಸರ್ ಕೊಟ್ಟಿದ್ದರು.

ಐದನೇ ದಿನ ಬಾವಿಗೆ ಬಗ್ಗಿದರೆ ತಳದ ಕಲ್ಲು ಕಾಣುತ್ತಿತ್ತು. ವಾಸನೆ ಇತ್ತು, ಆದರೆ ಹುಡುಕಿದರೆ ಮಾತ್ರ. ಅಜ್ಜಿ ಬಾವಿಕಟ್ಟೆಗೆ ಕೈ ಮುಗಿದಳು.

ದೊಡ್ಡಪ್ಪನೂ ಬಂದು ಬಗ್ಗಿದ. "ಏನಮ್ಮಾ ಸೈಂಟಿಸ್ಟು! ಸೂಪರ್! ನಾನು ಸುಮ್ನೆ ತಲೆ ಕೆಡಿಸ್ಕೊಂಡಿದ್ದೆ. ಚಲುವರಾಜನ್ನ ಖಾಲಿ ಮಾಡ್ಸು ಮಾಡ್ಸು ಅಂತ ಅಮ್ಮಂದು ಒಂದೇ ಸಮ. ಈಗ ಏನ್ ತೊಂದ್ರೆ? ಅವನ ಪಾಡಿಗೆ ಅವನು ಮಾಡ್ಕೊಳ್ಳಿ, ವರ್ಷಕ್ಕೊಂದ್ಸಲ ನೀನು ಮೂಲಂಗಿ ಹಾಕು."

ತೇಜಸ್ವಿನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ದೊಡ್ಡಪ್ಪ, ಒಂಬತ್ತು ಬಕೆಟ್ ಹೊಲಸು ಬಂದಿದೆ ಇದ್ರಿಂದ."

"ರಾಜಕಾಲುವೆ ಇಲ್ವಾ? ಒಂದ್ ಆಟೋ ಹೇಳ್ತೀನಿ, ಅದ್ರಲ್ಲಿ ಸುರಿದು ಬರ್ತಾನೆ."

ತೇಜಸ್ವಿನಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ದೊಡ್ಡಪ್ಪನ ಶುಭ್ರವಾದ ಬಿಳಿ ಶರಟು, ಕೈಗಡಿಯಾರ, ಗಂಧದ ಸೆಂಟಿನ ಪರಿಮಳ ಎಲ್ಲದರ ಮೇಲೂ ಆ ಕಂದು ಲೊಳ್ಳೆ ಅಂಟಿಕೊಂಡಿರುವಂತೆ ಕಂಡಿತು. ಇಷ್ಟು ದಿನ ತಾನು ತೊಳೆದದ್ದು ಬಾವಿಯನ್ನೋ ಇವನನ್ನೋ?

*

ಚಪ್ಪರದ ಹಿಂದಿನ ದಿನ ಮಧ್ಯಾಹ್ನ ತೇಜಸ್ವಿನಿ ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ ಟೈಲರನಿಂದ ರವಿಕೆಗಳನ್ನು ತಂದಳು. ಮನೆಯ ತಿರುವಿನಲ್ಲಿ ಆಟೋ ಇಳಿಯುವಾಗಲೇ ಏನೋ ಮೂಗಿಗೆ ಬಡಿಯಿತು. ಇದು ಫಿನಾಯಿಲ್ ಅಲ್ಲ. ಹಳೇ ಆಸ್ಪತ್ರೆಯ ವಾರ್ಡು, ಗಾಯಕ್ಕೆ ಹಚ್ಚುವ ಟಿಂಚರು, ಸುಟ್ಟ ಪ್ಲಾಸ್ಟಿಕ್ಕು ಮೂರನ್ನೂ ಒಟ್ಟಿಗೆ ಅರೆದು ನಾಲಿಗೆಯ ಹಿಂಭಾಗಕ್ಕೆ ಬಳಿದಂಥ ನಾತ. ಹಸಿರು ಗರಿ ಕಟ್ಟುತ್ತಿದ್ದ ಚಪ್ಪರದವರು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು. ಊರಿಂದ ಬಂದ ನೆಂಟರೆಲ್ಲ ರಸ್ತೆಯಲ್ಲಿ ನಿಂತಿದ್ದರು. ತಾತ ಮಾತ್ರ ಜಗಲಿಯಲ್ಲಿ ಕೂತು, "ಯಾಕ್ರಪ್ಪಾ ಎಲ್ಲಾ ಹೊರಗ್ ನಿಂತಿದೀರ? ಕಾಫಿ ಕುಡೀರಿ ಬನ್ನಿ," ಎನ್ನುತ್ತಿದ್ದ.

ಹಿತ್ತಲಲ್ಲಿ ಬಾವಿಕಟ್ಟೆಗೆ ಒರಗಿ ಅಜ್ಜಿ ಕೂತಿದ್ದಳು. ಪಕ್ಕದಲ್ಲಿ ಖಾಲಿಯಾದ ಪ್ಲಾಸ್ಟಿಕ್ ಚೀಲ. ಅವಳ ಕೈಯೆಲ್ಲ ಬಿಳಿ ಪುಡಿ.

"ಏನ್ ಹಾಕ್ದೆ ಅಜ್ಜಿ?"

"ಬ್ಲೀಚಿಂಗ್ ಪೌಡ್ರು ಕಣವ್ವಾ. ಮದ್ವೆ ಮುಂಚೆ ಯಾವಾಗ್ಲೂ ಹಾಕ್ತಿದ್ವಿ. ನಿಮ್ಮಪ್ಪನ ಮದ್ವೆಗೆ ಹಾಕಿದ್ದೆ, ನಿಮ್ಮ ದೊಡ್ಡಪ್ಪನ ಮದ್ವೆಗೂ ಹಾಕಿದ್ದೆ. ಬಾವಿ ಚೊಕ್ಕಟ ಆಗ್ತಿತ್ತು." ಅಜ್ಜಿ ಕೈಯ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. "ನೀನು ಅಷ್ಟೆಲ್ಲಾ ಮಾಡಿದೀಯ, ಕೊನೇಗೆ ನಂದೂ ಒಂದು ಇರ್ಲಿ ಅಂತ..."

ತೇಜಸ್ವಿನಿಗೆ ಕಿರುಚಬೇಕೆನಿಸಿತು. ನೀರಲ್ಲಿ ಉಳಿದಿದ್ದದ್ದು ನಸುಗುಲಾಬಿಯಷ್ಟು ಫಿನಾಲ್, ಮಣ್ಣಿನಿಂದ ಮತ್ತೆ ಒಸರಿದ್ದು ಇನ್ನೊಂದಿಷ್ಟು. ಅದಕ್ಕೆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಸೇರಿದರೆ ಕ್ಲೋರೋಫಿನಾಲ್. ಒಂದು ಬಾವಿಗೆ ಒಂದು ಚಿಟಿಕೆ ಸಾಕು, ಬೀದಿಯೆಲ್ಲ ನಾರುತ್ತದೆ. ಪ್ರಥಮ ವರ್ಷದಲ್ಲೇ ಓದಿದ್ದು. ಹಾದಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಪೆರಾಕ್ಸಿಡೇಸ್ ಎಂದರೇನು ಅಂತ ಹೇಳಿದ್ದಳು. ಬಾವಿಗೆ ಬೇರೇನೂ ಹಾಕಬಾರದು ಎಂಬ ಒಂದು ಮಾತನ್ನು ಮಾತ್ರ, ಈ ಬಾವಿಯನ್ನು ಅರವತ್ತು ವರ್ಷ ಸೇದಿದವಳಿಗೆ ಹೇಳಿರಲಿಲ್ಲ. ನಾನೇನಾದರೂ ಮಾಡಲಾ ಎಂದು ಕೇಳಿದರೆ ಸುಮ್ಮನೆ ಕೂತುಕೋ ಅಂದಿದ್ದಳು.

"ನಿನ್ ತಪ್ಪಲ್ಲ ಅಜ್ಜಿ," ಎಂದಳು. "ಎದ್ದೇಳು. ಮೂಲಂಗಿ ತುರಿಯೋಕೆ ಬರುತ್ತಲ್ವಾ ನಿಂಗೆ?"

ಇಡೀ ಬಾವಿಗೆ ಸಮಯವಿರಲಿಲ್ಲ. ಒಂದು ಕಳಸ ತುಂಬಲು ಒಂದು ಕೊಡ ನೀರು ಸಾಕಿತ್ತು. ಒಂದು ಬಕೆಟ್ ಸೇದಿ, ಮೊದಲು ಪೆರಾಕ್ಸೈಡ್ ಹಾಕಿದಳು. ನೀರು ಸೋಡಾದಂತೆ ಬುಸುಗುಟ್ಟಿ, ಉಳಿದ ಕ್ಲೋರಿನ್ ಹೋಯಿತು. ಆಮೇಲೆ ಅಜ್ಜಿ ತುರಿದು ಹಿಂಡಿದ ರಸ, ತಂತಿಯ ಮೇಲಿಂದ ಒಂದೊಂದೇ ಹನಿ. ಮತ್ತೆ ಟೀ, ಮತ್ತೆ ಡಿಕಾಕ್ಷನ್, ಮತ್ತೆ ಕಫ. ಹೊತ್ತು ಮುಳುಗುವಷ್ಟರಲ್ಲಿ ಎರಡು ಸಲ ಸೋಸಿ, ಒಂದು ಹಿತ್ತಾಳೆ ಕೊಡ ತುಂಬಾ ತಿಳಿನೀರು ಇಳಿಯಿತು. ಹತ್ತಿರ ಮೂಗಿಟ್ಟರೆ ಮೂಲಂಗಿ ಮಾತ್ರ.

ದೊಡ್ಡಪ್ಪ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಬಂದು ಇಣುಕಿದ. "ಒಂದ್ ಕೊಡ ಸಾಕಲ್ವಾ ಶಾಸ್ತ್ರಕ್ಕೆ! ಬೆಳಗ್ಗೆ ಇದನ್ನೇ ಹಗ್ಗ ಕಟ್ಟಿ ಬಾವಿಗೆ ಇಳಿಸಿ, ನೀರು ತಾಗ್ದಂಗೆ ಮೇಲೆ ಎತ್ತಿ. ವಿಡಿಯೋದವನಿಗೆ ಏನ್ ಗೊತ್ತಾಗುತ್ತೆ?"

ಹೇಳಿ ಹೋದ. ಅಜ್ಜಿ ಕೊಡದೊಳಗೆ ಬಗ್ಗಿ ನೋಡಿದಳು. ಆಮೇಲೆ ಕೇಳಿದಳು: "ತೇಜು, ಇದನ್ನ ಕುಡೀಬೋದಾ?"

ಬಾಯಿಗೆ ಬಂದದ್ದನ್ನು ತೇಜಸ್ವಿನಿ ಈ ಸಲ ತಡೆದಳು. ನಸುಗುಲಾಬಿ ಎಂದರೆ ಸೊನ್ನೆಯಲ್ಲ. ಪರೀಕ್ಷೆ ಮಾಡದ ನೀರು. "ಬೇಡ ಅಜ್ಜಿ."

"ನೀನು ಕುಡೀತೀಯಾ?"

"ಇಲ್ಲ."

"ಶಿಲ್ಪನ ತಲೆ ಮೇಲೆ ಹಾಕ್ಬೋದಾ?"

ತೇಜಸ್ವಿನಿ ತಂತಿಯಿಂದ ಡ್ರಿಪ್ ಪೈಪು ಬಿಚ್ಚತೊಡಗಿದಳು. ಅಜ್ಜಿ ಕೊಡಕ್ಕೆ ತಟ್ಟೆ ಮುಚ್ಚಿ ಒಳಗೆ ಹೋದಳು.

*

ಬೆಳಗ್ಗೆ ವಾಲಗದವರು ಬಂದರು. ಮುತ್ತೈದೆಯರು ಹೊಸ ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಬಾವಿಯ ಸುತ್ತ ನಿಂತರು. ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಮಲ್ಲಿಗೆ ಇಟ್ಟು, ಅಜ್ಜಿ ಕರ್ಪೂರ ಹಚ್ಚಿದಳು. ಕರ್ಪೂರದ ಪರಿಮಳವನ್ನೂ ಆ ಟಿಂಚರಿನ ನಾತ ನುಂಗಿಹಾಕಿತು. ವಾಲಗ ಊದುವವನು ಉಸಿರೆಳೆದುಕೊಳ್ಳಲು ಬಾಯಿ ತೆಗೆದವನೇ ಕೆಮ್ಮತೊಡಗಿದ. ವಿಡಿಯೋದವನು ಕ್ಯಾಮೆರಾ ಹಿಡಿದು, ಮುಖವನ್ನು ಮಾತ್ರ ಬೇರೆ ಕಡೆ ತಿರುಗಿಸಿಕೊಂಡಿದ್ದ.

ಅಜ್ಜಿ ಕೊಡವನ್ನು ಬಾವಿಗೆ ಇಳಿಸಲಿಲ್ಲ. ಕಟ್ಟೆಯ ಮೇಲೇ ಇಟ್ಟು, ಅದರಿಂದ ಕಳಸ ತುಂಬಿದಳು. ಉದ್ಧರಣೆಯಲ್ಲಿ ನೀರು ತೆಗೆದುಕೊಂಡಳು.

"ಶಶಿ, ಬಾ. ಮೊದಲ ತೀರ್ಥ ಹುಡುಗಿ ಅಪ್ಪಂದು. ಈ ಮನೆ ಪದ್ಧತಿ."

ದೊಡ್ಡಪ್ಪ ಜರತಾರಿ ಪಂಚೆ ಎತ್ತಿ ಹಿಡಿದು ಮುಂದೆ ಬಂದು, ಅಂಗೈ ಚಾಚಿದ. ಅಜ್ಜಿ ನೀರು ಬಿಟ್ಟಳು. ಕಣ್ಣೀರಿನಷ್ಟು ತಿಳಿಯಾಗಿತ್ತು ಅದು.

"ಕುಡಿ."

ದೊಡ್ಡಪ್ಪ ಅಂಗೈ ನೋಡಿದ. ತೇಜಸ್ವಿನಿಯನ್ನು ನೋಡಿದ. "ಕುಡೀಬೋದೇನಮ್ಮಾ?"

"ನಿಮ್ಮ ಬಾವಿ ನೀರು ದೊಡ್ಡಪ್ಪ," ಎಂದಳು ತೇಜಸ್ವಿನಿ. "ನಾನಂತೂ ಕುಡಿಯಲ್ಲ."

ದೊಡ್ಡಪ್ಪ ನಗಲು ನೋಡಿದ. "ಅಮ್ಮ, ಕಣ್ಣಿಗೆ ಒತ್ಕೊಂಡ್ರೆ ಸಾಕು ತಾನೆ?" ಅಂಗೈಯನ್ನು ಕಣ್ಣಿನ ಹತ್ತಿರ ತಂದವನು ಅಲ್ಲೇ ನಿಲ್ಲಿಸಿದ. ಕಣ್ಣಿಗೂ ಒತ್ತಿಕೊಳ್ಳಲಾಗಲಿಲ್ಲ. ಬೆರಳ ಸಂದಿಯಿಂದ ನೀರು ಪಂಚೆಯ ಮೇಲೆ ತೊಟ್ಟಿಕ್ಕಿತು. ಅವನು ಒಂದು ಹೆಜ್ಜೆ ಹಿಂದೆ ಹಾರಿ, ಕೈಯನ್ನು ಸರಸರ ಒದರಿ, ಶಲ್ಯಕ್ಕೆ ಒರೆಸಿಕೊಂಡ.

ವಾಲಗ ನಿಂತಿತ್ತು.

"ನಿನ್ ಕಣ್ಣಿಗೆ ಆಗದೇ ಇರೋ ನೀರ್ನ ನಿನ್ ಮಗಳ ನೆತ್ತಿಗೆ ಹಾಕು ಅಂತೀಯಲ್ಲೋ," ಎಂದಳು ಅಜ್ಜಿ. ದನಿ ಏರಿರಲಿಲ್ಲ. "ನೀರು ತಾಗ್ದಂಗೆ ಎತ್ತಿ ಅಂತೀಯ. ಗಂಗೆಗೇ ನಾಟಕ ಆಡು ಅಂತೀಯ. ಥೂ."

ಅವಳು ಕಳಸವನ್ನು ಎತ್ತಿಕೊಂಡು ಹೋಗಿ, ಒಂಬತ್ತು ಪೇಂಟಿನ ಬಕೆಟ್‌ಗಳ ಪಕ್ಕದಲ್ಲಿದ್ದ, ಹಿಂದಿನ ದಿನದ ಗಸಿಯ ಹತ್ತನೆಯದಕ್ಕೆ ನೀರನ್ನೆಲ್ಲ ಸುರಿದು, ಮುಚ್ಚಳ ಬಡಿದಳು. ವಾಪಸು ಬಂದು ಕೈ ಚಾಚಿದಳು. "ಶೆಡ್ಡಿನ ಬೀಗದ ಕೈ ಕೊಡು. ಆ ಚಲುವರಾಜು ಹೊಟ್ಟೆ ಮೇಲೆ ಹೊಡಿಯೋದು ಬೇಡ. ಬೇರೆ ಕಡೆ, ಬಾವಿ ಇಲ್ದೇ ಇರೋ ಕಡೆ, ಸರಿಯಾಗಿ ಗುಂಡಿ ಕಟ್ಸಿ ಜಾಗ ಹುಡುಕ್ಕೊಡು. ಇಲ್ಲಿ ಇನ್ನು ಬೇಡ."

"ಅಮ್ಮ, ಬೀಗರು ಬರೋ ಹೊತ್ತು..."

"ಬರ್ಲಿ. ಅವರ್ಗೂ ಒಂದೊಂದು ಉದ್ಧರಣೆ ಕೊಡ್ತೀನಿ."

ದೊಡ್ಡಪ್ಪ ನೆಂಟರನ್ನೆಲ್ಲ ಒಮ್ಮೆ ನೋಡಿ, ಸೊಂಟದಿಂದ ಕೀ ಗೊಂಚಲು ತೆಗೆದ. ಅದರಿಂದ ಒಂದನ್ನು ಬಿಡಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಖಾಲಿ ಕಳಸವನ್ನು ತೇಜಸ್ವಿನಿಯ ಕೈಗೆ ಕೊಟ್ಟಳು. ವಾಲಗದವರು ಏನು ಮಾಡುವುದೆಂದು ತಿಳಿಯದೆ ಮತ್ತೆ ಊದತೊಡಗಿದರು. ಹೆಂಗಸರೆಲ್ಲ ಅಜ್ಜಿಯ ಹಿಂದೆ ರಸ್ತೆಗೆ ಹೊರಟರು. ಎದುರುಮನೆಯ ಗೇಟಿನ ಪಕ್ಕದ ನಲ್ಲಿಯಲ್ಲಿ ಅವತ್ತು ಕಾವೇರಿ ಬರುವ ದಿನ. ಅಜ್ಜಿ ನಲ್ಲಿಗೆ ಅರಿಶಿನ ಕುಂಕುಮ ಇಟ್ಟಳು. ನೀರು ಸಣ್ಣದಾಗಿ ಸೀಟಿ ಹೊಡೆಯುತ್ತಾ ಕಳಸಕ್ಕೆ ಬಿತ್ತು.

"ಬಾವಿ ಎಷ್ಟು ದಿನಕ್ಕೆ ಸರಿ ಹೋಗುತ್ತೆ ತೇಜು?" ಎಂದು ಅಜ್ಜಿ ಮೆಲ್ಲಗೆ ಕೇಳಿದಳು.

ಒಂದು ವಾರ ಎಂದು ಹೇಳಲು ತೇಜಸ್ವಿನಿಗೆ ನಾಲಿಗೆ ಬರಲಿಲ್ಲ. ಮಣ್ಣಿನಲ್ಲಿ ಎರಡು ವರ್ಷದ ಫಿನಾಯಿಲ್ ಕೂತಿತ್ತು.

"ಗೊತ್ತಿಲ್ಲ ಅಜ್ಜಿ. ಒಂದು ವರ್ಷ ಆಗ್ಬೋದು. ಎರಡೂ ಆಗ್ಬೋದು."

"ಆಗ್ಲಿ ಬಿಡು. ನಿನ್ ಮದ್ವೆಗೆ ಇನ್ನೂ ಟೈಮಿದೆಯಲ್ಲ," ಎಂದಳು ಅಜ್ಜಿ. "ಈ ಸಲ ಏನೇನು ಹಾಕ್ಬಾರ್ದು ಅಂತ ಮೊದ್ಲೇ ಹೇಳು."

ಮದುವೆಯ ದಿನ ಛತ್ರದ ಊಟದ ಹಾಲಿನಲ್ಲಿ ಒಬ್ಬಳು ಹೆಂಗಸು ಪಂಕ್ತಿಗಳ ಮಧ್ಯೆ ಫಿನಾಯಿಲ್ ಹಾಕಿ ನೆಲ ಒರೆಸಿಕೊಂಡು ಹೋದಳು. ಪಕ್ಕದ ಎಲೆಯ ಆಂಟಿ ಮೂಗರಳಿಸಿ, "ಎಷ್ಟು ನೀಟಾಗಿ ಇಟ್ಟಿದಾರೆ ನೋಡೇ, ಘಮ್ ಅಂತಿದೆ," ಎಂದಳು. ಎಲೆಯ ತುದಿಗೆ ಮೂಲಂಗಿ ಕೋಸಂಬರಿ ಬಂದು ಬಿತ್ತು. ತೇಜಸ್ವಿನಿ ತನ್ನ ಬೆರಳು ಮೂಸಿಕೊಂಡಳು. ಎಷ್ಟು ಸೋಪು ಹಾಕಿದ್ದರೂ ಆ ಎರಡೂ ನಾತ ಹೋಗಿರಲಿಲ್ಲ. ಎಲೆಯನ್ನು ಅರ್ಧಕ್ಕೆ ಮಡಚಿ ಎದ್ದಳು.